ನಿಮ್ಮ ಮನೆ ನೀವೇ ಅಳೆಯಿರಿ

ತೆರಿಗೆ ಕೇಳಲು ಹೋದವನಿಗೆ ಬೈಗುಳ ಸಿಗುವುದು ಲೋಕರೂಢಿ. ನನ್ನ ಪುಣ್ಯಕ್ಕೆ ಬೈಗುಳದ ಜೊತೆ ನಗುವಂಥದ್ದೂ ಏನಾದರೊಂದು ನಡೆಯುತ್ತಲೇ ಇತ್ತು.

ಎರಡು ಸಾವಿರದ ಇಸವಿ ದಾಟಿದ ಹೊಸತು. ಅಲ್ಲಿಯವರೆಗೆ ನಾವು ಟೇಪು ಹಿಡಿದು ಹೋಗಿ ಮನೆ ಅಳೆದು ತೆರಿಗೆ ಹಾಕುತ್ತಿದ್ದೆವು. ಇನ್ನು ಜನರೇ ತಮ್ಮ ಮನೆ ಅಳೆದು, ತೆರಿಗೆ ತಾವೇ ಲೆಕ್ಕ ಹಾಕಿ, ಅರ್ಜಿ ಬರೆದುಕೊಡಲಿ ಎಂದು ಸರ್ಕಾರ ಹೇಳಿತು. ನಾನಾಗ ಸದಾಶಿವಗಡದಿಂದ ಅಂಕೋಲೆಯ ತೆರಿಗೆ ಕಚೇರಿಗೆ ಓಡಾಡುತ್ತಿದ್ದ ದಿನಗೂಲಿ ಗುಮಾಸ್ತ. ಸಾಹೇಬರು ಒಂದು ವಾರ್ಡನ್ನು ನನ್ನ ತಲೆಗೆ ಕಟ್ಟಿ, "ಮಾರ್ಚ್ ಕೊನೆಯ ದಿನ ಸಂಜೆ ಐದರೊಳಗೆ ಎಲ್ಲ ಅರ್ಜಿ ಬಂದರೆ ನಿನ್ನನ್ನು ಖಾಯಂ ಮಾಡಲು ಶಿಫಾರಸು ಬರೀತೇನೆ. ಒಂದು ಕಡಿಮೆಯಾದರೂ ಇಲ್ಲ" ಎಂದರು. ಖಾಯಂ ಆಗದೆ ಮಗಳನ್ನು ಕೊಡುವುದಿಲ್ಲ ಎಂದು ನನ್ನ ಭಾವಿ ಮಾವನವರೂ ಹೇಳಿಯಾಗಿತ್ತು.

೧. ಮೊದಲ ಮನೆ

ಮೊದಲ ಮನೆಯ ಯಜಮಾನರು ಜಗುಲಿಯಲ್ಲಿ ಕೂತು ಎಲ್ಲವನ್ನೂ ಶಾಂತವಾಗಿ ಕೇಳಿದರು.

"ನಮ್ಮ ಮನೆ ನಾವೇ ಅಳೆಯೂದು?"

"ಹೌದು."

"ತೆರಿಗೆ ನಾವೇ ಹಾಕ್ಕಳೂದು?"

"ಹೌದು."

"ಕಟ್ಟೂದೂ ನಾವೇ?"

"ಹೌದು."

ಅವರು ಒಳಗಿದ್ದ ಹೆಂಡತಿಯನ್ನು ಕೂಗಿದರು: "ಇವಂಗೆ ಒಂದ್ ಚಾ ತಕಂಬಾ. ಪಾಪ, ಇವನ ನೌಕ್ರಿ ಹೋಯ್ತು ಕಾಣ್ತದೆ."

೨. ಬೆಳೆದ ಮನೆ

ಒಂದೇ ಮನೆಯನ್ನು ಪಾಲು ಮಾಡಿಕೊಂಡು, ನಡುವೆ ಗೋಡೆ ಹಾಕಿಕೊಂಡಿದ್ದ ಅಣ್ಣತಮ್ಮಂದಿರಿದ್ದರು. ತೆರಿಗೆ ಉಳಿಸಲು ಮನೆಯನ್ನು ಸಣ್ಣದು ಮಾಡಿ ತೋರಿಸುತ್ತಾರೆ ಎಂದು ಸಾಹೇಬರು ಎಚ್ಚರಿಸಿದ್ದರು. ಇಲ್ಲಿ ಆದದ್ದು ಉಲ್ಟಾ. ತೆರಿಗೆ ಕಟ್ಟಿದ ರಶೀದಿ ಇದ್ದವನದೇ ಜಾಗ ಎಂದು ಯಾರೋ ಇಬ್ಬರ ಕಿವಿಯಲ್ಲೂ ಊದಿದ್ದರು. ಅಣ್ಣ ಗೋಡೆಯನ್ನು ತನ್ನದೆಂದು ಬರೆದ. ತಮ್ಮ ಗೋಡೆ, ಬಾವಿಕಟ್ಟೆ ಎರಡನ್ನೂ ಬರೆದ. ಅಣ್ಣ ಅರ್ಜಿ ವಾಪಸು ತೆಗೆದುಕೊಂಡು ಹೋಗಿ, ತಮ್ಮನ ಅಡಿಗೆಮನೆಯನ್ನೂ ಸೇರಿಸಿ ತಂದ.

ಎರಡೂ ಅರ್ಜಿಯ ಅಳತೆ ಕೂಡಿಸಿ ನೋಡಿದೆ. ಮನೆ ರಸ್ತೆ ದಾಟಿ ಎದುರಿನ ಗದ್ದೆಯಲ್ಲಿ ನಿಂತಿತ್ತು.

೩. ಮೀನಿನಮ್ಮ

ಕೊನೆಗೆ ನಾಲ್ಕೇ ದಿನ ಉಳಿಯಿತು. ಅರ್ಧ ಕೇರಿ ಇನ್ನೂ "ನಾಳೆ ಬಾ" ಎನ್ನುತ್ತಿತ್ತು. ಕೇರಿಯ ತಿರುವಿನಲ್ಲಿ ಪಕ್ಕದ ಬೆಳಂಬಾರದ ಕಡಲತೀರದಿಂದ ಮೀನು ತಂದು ಮಾರುವ ಹೆಂಗಸೊಬ್ಬಳಿದ್ದಳು. ಎಲ್ಲರಿಗೂ ಅವಳು ಮೀನಿನಮ್ಮ. ಅವಳ ಬುಟ್ಟಿಯ ಪಕ್ಕ ಕೂತು ಪಟ್ಟಿ ನೋಡುತ್ತಿದ್ದೆ.

"ಎಂತಕ್ಕೆ ತಮಾ ಮುಖ ಸಣ್ಣ ಮಾಡ್ಕಂಡೆ?" ಎಂದಳು.

ನೌಕರಿ, ಮದುವೆ, ಮಾವ ಎಲ್ಲ ಹೇಳಿದೆ. ಅವಳು ಎದ್ದು ಬುಟ್ಟಿ ಹೊತ್ತು ಹೋದಳು.

ಮರುದಿನ ಕಚೇರಿಯ ಬಾಗಿಲು ತೆಗೆಯುವ ಮೊದಲೇ ಸಾಲು. ಕೆಲವರ ಒಂದು ಕೈಯಲ್ಲಿ ಅರ್ಜಿ, ಇನ್ನೊಂದು ಕೈಯಲ್ಲಿ ಖಾಲಿ ಚೀಲ. ಅರ್ಜಿ ಕೊಟ್ಟ ಚೀಟಿ ತೋರಿಸದವರಿಗೆ ಬಂಗಡೆ ಮೀನು ಕೊಡುವುದಿಲ್ಲ ಎಂದು ಮೀನಿನಮ್ಮ ಮನೆಮನೆಗೆ ಹೇಳಿಬಿಟ್ಟಿದ್ದಳು. ಸರ್ಕಾರದ ನೋಟಿಸಿಗೆ ಹೆದರದವರು ಮೀನಿಲ್ಲದ ಊಟಕ್ಕೆ ಹೆದರಿದರು. ಮೀನು ಮುಟ್ಟದ ಭಟ್ಟರೂ ಸಾಲಿನಲ್ಲಿದ್ದರು. ಕೇಳಿದರೆ, "ಎಲ್ಲರೂ ಓಡ್ತಿದ್ರು, ಎಂತದೋ ಒಳ್ಳೇದೇ ಇರ್ಬೇಕು ಅಂತ ಬಂದೆ" ಎಂದರು.

ಕೊನೆಯ ದಿನ ನಾಲ್ಕೂವರೆಗೆ ಪಟ್ಟಿಯಲ್ಲಿ ಒಂದೇ ಮನೆ ಬಾಕಿ. ಹೆಸರು ನೋಡಿದೆ. ಅದು ಮೀನಿನಮ್ಮನದೇ.

ಕಚೇರಿಯ ಸೈಕಲ್ ಹತ್ತಿ ಅವಳ ಮನೆಗೆ ಓಡಿಸಿದೆ. ಅವಳು ಅಂಗಳದಲ್ಲಿ ಬುಟ್ಟಿ ತೊಳೆಯುತ್ತಿದ್ದಳು. ನಾನೇ ಟೇಪು ಹಿಡಿದು ಎರಡು ಕೋಣೆ ಅಳೆದೆ, ನಾನೇ ಅರ್ಜಿ ತುಂಬಿದೆ, ಅವಳನ್ನು ಸೈಕಲಿನ ಹಿಂದೆ ಕೂರಿಸಿಕೊಂಡು ತುಳಿದೆ. ಐದಕ್ಕೆ ಎರಡು ನಿಮಿಷ ಇರುವಾಗ ಸಾಹೇಬರ ಮೇಜಿನ ಮುಂದೆ ಅವಳು ಹೆಬ್ಬೆಟ್ಟು ಒತ್ತಿದಳು. ಸಾಹೇಬರು ಮಾತಿಗೆ ತಪ್ಪದೆ ಅಲ್ಲೇ ಶಿಫಾರಸು ಬರೆದರು.

ನನ್ನ ನೌಕರಿ, ಸಂಸಾರ, ಇವತ್ತು ಉಣ್ಣುವ ಅನ್ನ ಎಲ್ಲವೂ ಆ ಹೆಬ್ಬೆಟ್ಟಿನ ಋಣ. ಅದನ್ನು ನಾನು ಯಾವತ್ತೂ ಮರೆತಿಲ್ಲ. ಆದರೆ ಅವತ್ತು ಕಚೇರಿಯ ಮೆಟ್ಟಿಲು ಇಳಿಯುವಾಗ ತಡೆಯಲಾರದೆ ಕೇಳಿಯೇಬಿಟ್ಟೆ: "ಅಮ್ಮಾ, ಊರಿನವರ ಹತ್ತಿರವೆಲ್ಲ ಅರ್ಜಿ ಕೊಡಿಸಿದಿರಿ. ನಿಮ್ಮದನ್ನೇ ಯಾಕೆ ಕೊಡಲಿಲ್ಲ?"

ಅವಳು ಸೆರಗಿನಿಂದ ಹೆಬ್ಬೆರಳ ಮಸಿ ಒರೆಸಿಕೊಂಡಳು.

"ಎಂತಾ ಮಾಡೂದು ತಮಾ, ನಂಗೆ ಮೀನ್ ಕೊಡೂದಿಲ್ಲ ಹೇಳೂರು ಯಾರೂ ಇರ್ಲಿಲ್ಲ."