ಅತ್ತೆಯ ಕಣ್ಣಿಗೆ ನನ್ನವರ ಗಣಿತ

ಕೈಹಿಡಿದ ಗಂಡನೇ ನನ್ನನ್ನು ಲೆಕ್ಕದಿಂದ ಹೊರಗಿಟ್ಟ ಕಥೆ ಇದು. ನನ್ನವರು ಕಾಲೇಜಿನಲ್ಲಿ ಗಣಿತದ ಮೇಷ್ಟ್ರು. ಒಂದು ಅಭಿಪ್ರಾಯ ಹೇಗೆ ಹುಟ್ಟಿ, ಯಾರಿಂದ ಯಾರಿಗೆ ಹರಡುತ್ತದೆ ಎಂದು ಸೂತ್ರ ಕಟ್ಟುವುದು ಅವರ ಸಂಶೋಧನೆ. (ನಮ್ಮ ಓಣಿಯ ಹೆಂಗಸರನ್ನು ಕೇಳಿದ್ದರೆ ಐದು ನಿಮಿಷದಲ್ಲಿ ಹೇಳುತ್ತಿದ್ದರು, ಆದರೆ ಅದಕ್ಕೆ ಡಾಕ್ಟರೇಟ್ ಕೊಡುವುದಿಲ್ಲವಂತೆ.)

ಅತ್ತೆಯ ಎಡಗಣ್ಣಿಗೆ ಪೊರೆ ಬಂದಿತ್ತು. ಶುಕ್ರವಾರ ಆಪರೇಷನ್, ಬಿಟ್ಟರೆ ಆ ಕಣ್ಣು ಹೋದಂತೆಯೇ ಎಂದಿದ್ದರು ಡಾಕ್ಟರು. ಅತ್ತೆ ಮಾತ್ರ, "ನೋಡ್ಬೇಕಾದ್ದೆಲ್ಲ ನೋಡಿ ಆಯ್ತು, ಬಿಡ್ರೋ" ಎಂದು ಕೂತುಬಿಟ್ಟರು.

ನನ್ನವರು ದೊಡ್ಡ ಹಾಳೆಯೊಂದರಲ್ಲಿ ಮನೆಮಂದಿಯನ್ನೆಲ್ಲ ಚುಕ್ಕಿ ಮಾಡಿ ನಡುವೆ ಗೆರೆ ಎಳೆದರು.

"ನೋಡೇ, ಬೇಡ ಅನ್ನೋರಿಗೆ ಸೊನ್ನೆ, ಬೇಕು ಅನ್ನೋರಿಗೆ ಹತ್ತು. ಪ್ರತಿಯೊಬ್ರೂ ತಾವು ನಂಬೋರ ಕಡೆಗೆ ದಿನಾ ಒಂಚೂರು ವಾಲ್ತಾರೆ. ಸುತ್ತ ಹತ್ತುಗಳನ್ನೇ ಕೂರಿಸಿದ್ರೆ, ಗುರುವಾರದೊಳಗೆ ಅಮ್ಮ ಎಂಟು!"

"ನನ್ನ ಚುಕ್ಕಿ ಎಲ್ಲಿ?"

"ನೀನು ಬರೀ ಕೇಳಿಸ್ಕೊಳ್ಳೋಳು. ಆಟಕ್ಕುಂಟು, ಲೆಕ್ಕಕ್ಕಿಲ್ಲ."

ಸೋಮವಾರ ನಾದಿನಿ ಬಂದು ಅತ್ತೆಗೆ ಧೈರ್ಯ ಹೇಳಿದಳು. ಮಂಗಳವಾರ ಪಕ್ಕದ ಮನೆಯ ಟೈಲರಮ್ಮ ಬಂದರು. ನಾನು ಅಲ್ಲೇ ಕೂತು ಎಲ್ಲವನ್ನೂ ಕೇಳಿಸಿಕೊಂಡೆ. ಬುಧವಾರ ನೋಡಿದರೆ ಅತ್ತೆ ಸೊನ್ನೆಯಿಂದ ಕದಲಿರಲಿಲ್ಲ. ಹತ್ತಾಗಿದ್ದ ನಾದಿನಿ ನಾಲ್ಕಕ್ಕಿಳಿದು, "ಇನ್ನೊಂದು ತಿಂಗಳು ನೋಡೋಣ ಅಣ್ಣ" ಎಂದು ಫೋನು ಮಾಡಿದಳು. ಟೈಲರಮ್ಮನಂತೂ ತಮ್ಮದೇ ಹಲ್ಲು ಕೀಳಿಸುವುದನ್ನು ಮುಂದಕ್ಕೆ ಹಾಕಿದರು!

"ಯಾವುದೋ ಒಂದು ಚುಕ್ಕಿ ಎಲ್ಲರನ್ನೂ ಕೆಳಕ್ಕೆ ಜಗ್ತಾ ಇದೆ" ಎಂದು ನನ್ನವರು ತಲೆ ಕೆರೆದುಕೊಂಡರು.

"ಅದು ಅಮ್ಮ" ಎಂದಳು ನಮ್ಮ ಮಗಳು, ನನ್ನ ಕಡೆ ಬೆರಳು ತೋರಿಸಿ. "ಯಾರಾದ್ರೂ ಆಪರೇಷನ್ ಅಂದ ಕೂಡ್ಲೇ ಕಣ್ಮುಚ್ಚಿ ತುಟಿ ಅಲ್ಲಾಡಿಸ್ತಾಳೆ. ನೋಡಿದೋರಿಗೆ ಎದೆ ಝಲ್ ಅನ್ನಲ್ವಾ ಅಪ್ಪ?"

ನಾನು ಇಂಗು ತಿಂದ ಮಂಗನಂತಾದೆ. ನಾನು ಬೇಡಿಕೊಳ್ಳುತ್ತಿದ್ದದ್ದು, 'ದೇವರೇ, ಅತ್ತೆಗೆ ಒಪ್ಪುವ ಬುದ್ಧಿ ಕೊಡು' ಎಂದು!

ನೇರ ಅತ್ತೆಯ ಕೋಣೆಗೆ ಹೋದೆ. "ನಾನು ಬೇಡ್ಕೊಂಡಿದ್ದು ನಿಮ್ಮ ಒಳ್ಳೇದಕ್ಕೇ ಅತ್ತೆ. ಆಪರೇಷನ್ ಮಾಡಿಸ್ಕೊಳ್ಳಿ."

"ದೇವರ ಮೇಲೆ ಆಣೆ ಇಟ್ಟು ಹೇಳು. ನಿಂಗೆ ಭಯ ಇಲ್ವಾ?"

ಇನ್ನು ಸುಳ್ಳು ಹೇಳುವುದು ಹೇಗೆ? "ಇದೆ. ನಿಮಗೇನಾದ್ರೂ ಆದ್ರೆ ನಾನು ಯಾರ ಕೈಲಿ ಬೈಸ್ಕೊಳ್ಲಿ?"

ಅತ್ತೆ ನನ್ನನ್ನು ತಮ್ಮ ಒಳ್ಳೆಯ ಕಣ್ಣಿನ ಕಡೆಗೆ ಎಳೆದು ಕೂರಿಸಿಕೊಂಡು ಮುಖ ನೋಡಿದರು.

"ಅಯ್ಯೋ ಹುಚ್ಚಿ! ಇಷ್ಟು ಪುಕ್ಕಲಿ ಅಂತ ಗೊತ್ತಿದ್ರೆ ಮೊದ್ಲೇ ಹೊರಡ್ತಿದ್ದೆ. ನಿಂಗೆ ಧೈರ್ಯ ಹೇಳೋಕೆ ಯಾರಾದ್ರೂ ಬೇಡ್ವಾ? ನಡಿ, ಶುಕ್ರವಾರ ಹೋಗಿಬರೋಣ."

ಸೊನ್ನೆಯಿಂದ ಹತ್ತಕ್ಕೆ ಒಂದೇ ನೆಗೆತ! ಹಾಗೆ ನೆಗೆಯಲು ಸೂತ್ರದಲ್ಲಿ ದಾರಿಯೇ ಇಲ್ಲ ಎಂದು ನನ್ನವರು ವಾದಿಸಿದರು. ಅತ್ತೆ ಆಗಲೇ ಸೀರೆ ಮಡಚುತ್ತಿದ್ದರು.

ಶುಕ್ರವಾರ ಆಸ್ಪತ್ರೆಯ ಬೆಂಚಿನ ಮೇಲೆ ನಾನು ಗಡಗಡ ನಡುಗುತ್ತಾ ಕೂತಿದ್ದೆ. ಅತ್ತೆ ನನ್ನ ಕೈ ಸವರುತ್ತಾ, "ಏನೂ ಆಗಲ್ಲ, ಹತ್ತೇ ನಿಮಿಷ" ಎನ್ನುತ್ತಿದ್ದರು. ಆತುರದಲ್ಲಿ ಬಂದ ನರ್ಸಮ್ಮ ನಮ್ಮಿಬ್ಬರನ್ನೂ ನೋಡಿ, ನನ್ನ ಗದ್ದ ಹಿಡಿದೆತ್ತಿ, ಎರಡೂ ಕಣ್ಣಿಗೆ ಟಪಟಪನೆ ಪಾಪೆ ಹಿಗ್ಗಿಸುವ ಔಷಧಿ ಬಿಟ್ಟುಬಿಟ್ಟಳು. ("ನಾನಲ್ಲ" ಎನ್ನುವಷ್ಟರಲ್ಲಿ ಮುಗಿದೇ ಹೋಗಿತ್ತು.) ಅರ್ಧ ಗಂಟೆಯಲ್ಲಿ ನನಗೆ ಲೋಕವೆಲ್ಲ ಮಂಜು.

ಆಪರೇಷನ್ ಸುಸೂತ್ರವಾಗಿ ಮುಗಿಯಿತು. ನನ್ನವರು ಆಟೋ ತರಲು ಹೋಗಿದ್ದರು. ಒಂದು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡಿದ್ದ ಅತ್ತೆ, ಎರಡು ಕಣ್ಣಿದ್ದೂ ಏನೂ ಕಾಣದ ನನ್ನನ್ನು ಕೈಹಿಡಿದು ಹೊರಗೆ ನಡೆಸಿಕೊಂಡು ಬಂದರು.

"ಮೂರು ಮೆಟ್ಟಿಲಿದೆ ಕಣೇ" ಎಂದರು. "ನಾನು ಎಣಿಸ್ತೀನಿ, ನೀನು ಕಾಲಿಡು."