ಎಡೆಗೂ ಪಥ್ಯ

ಸತ್ತವರಿಗೆ ಹಸಿವಾಗುತ್ತದೆಯೋ ಇಲ್ಲವೋ, ಬಲ್ಲವರು ಹೇಳಬೇಕು. ಅವರಿಗೆ ಪಥ್ಯವಿಲ್ಲ ಎಂಬುದನ್ನಂತೂ ಎಲ್ಲರೂ ಒಪ್ಪುತ್ತಾರೆ, ನನ್ನೊಬ್ಬಳನ್ನು ಬಿಟ್ಟು. ನನ್ನ ಯಜಮಾನರು ಸಾವಿರದ ಒಂಬೈನೂರ ನಲವತ್ತೆಂಟನೇ ಇಸವಿಯ ಬೇಸಿಗೆಯಲ್ಲಿ ತೀರಿಕೊಂಡರು. ಸಕ್ಕರೆ ಕಾಯಿಲೆ. ಸೊಲ್ಲಾಪುರದಿಂದ ಬರುತ್ತಿದ್ದ ಇನ್ಸುಲಿನ್ ಶೀಸೆ, ಆ ವರ್ಷದ ಗಲಾಟೆಯಲ್ಲಿ ನಮ್ಮ ಸಂಸ್ಥಾನದ ಗಡಿ ಮುಚ್ಚಿದ ಮೇಲೆ ನಮ್ಮ ಅತನೂರಿಗೆ ಬರಲೇ ಇಲ್ಲ. ಅದಕ್ಕೆ ಮೊದಲು ಎಷ್ಟೋ ವರ್ಷ ಅವರ ತಾಟಿಗೂ ಬೆಲ್ಲದ ಗಡಿಗೆಗೂ ನಡುವೆ ನಾನು ಸುಂಕದ ನಾಕಾದ ಸಿಪಾಯಿಯಂತೆ ನಿಂತಿದ್ದೆ.

ಕಲಬುರಗಿಯ ಡಾಕ್ಟರು ಒಮ್ಮೆ ತಿಳಿಸಿ ಹೇಳಿದ್ದರು: "ಹೊಟ್ಟ್ಯಾಗ ಒಂದು ಗ್ರಂಥಿ ಅದರಿ ತಾಯಿ. ಅದರ ರಸ ಇದ್ದರ ಉಂಡ ಸಕ್ಕರಿ ಮೈಗೆ ಹತ್ತತದ. ಇವರ ಗ್ರಂಥಿ ದಣದದ. ಬಂದ ಒಂದೀಟು ರಸದ ಮಾತೂ ಮೈ ಕೇಳವಲ್ದು." ಯಜಮಾನರು ತಲೆಯಾಡಿಸಿ, "ಹೌದ್ರಿ, ಮನ್ಯಾಗೇ ಯಾರೂ ನನ್ನ ಮಾತು ಕೇಳಂಗಿಲ್ಲ, ಇನ್ನ ಮೈ ಕೇಳ್ತದೇನ್ರಿ?" ಎಂದರು. ಡಾಕ್ಟರು ನಕ್ಕರು. ಮನೆಯಲ್ಲಿ ಇದ್ದವಳು ನಾನೊಬ್ಬಳೇ, ನಾನು ನಗಲಿಲ್ಲ. ದಿನಾ ಬೆಳಿಗ್ಗೆ ಸಕ್ಕರೆ ಎಷ್ಟಿದೆ ಎಂದು ನೋಡಲು ನೀಲಿ ಔಷಧಿಗೆ ಅವರ ಮೂತ್ರದ ಕೆಲವು ಹನಿ ಹಾಕಿ ಕಾಸುತ್ತಿದ್ದೆ. ನೀಲಿಯಾಗಿಯೇ ಉಳಿದರೆ, ಹಬ್ಬವಿದ್ದರೆ ಅರ್ಧ ಹೋಳಿಗೆ. ಇಟ್ಟಂಗಿ ಬಣ್ಣಕ್ಕೆ ತಿರುಗಿದರೆ ರೊಟ್ಟಿ ಮತ್ತು ಮೌನ. ಈಗಲೂ ಸಂಜೆ ಭೀಮೆಯ ಕಡೆ ಆಕಾಶ ಕೆಂಪಾಗುವುದನ್ನು ನೋಡುತ್ತ ಕುಳಿತರೆ, ಮೇಲೆ ಯಾರೋ ಏನೋ ಕದ್ದು ತಿಂದಿದ್ದಾರೆ ಎನ್ನಿಸುತ್ತದೆ.

ಆ ವರ್ಷದ ಮಹಾನವಮಿ ಬಂತು. ಅಂದು ಮನೆಯ ಹಿರಿಯರಿಗೆ ಅವರ ಪ್ರೀತಿಯ ಅಡುಗೆ ಮಾಡಿ ಎಡೆ ಇಡುವುದು ನಮ್ಮ ಪದ್ಧತಿ. ಯಜಮಾನರ ಅಕ್ಕ ಗೌರಕ್ಕ ನೆಲೋಗಿಯಿಂದ ಬಂದಿದ್ದರು. ನಾನು ತಾಟಿನಲ್ಲಿ ರೊಟ್ಟಿ, ಪುಂಡಿಪಲ್ಯ ಇಟ್ಟಿದ್ದು ನೋಡಿ ಅವರ ಹುಬ್ಬು ಮೇಲೇರಿತು.

"ಹೋಳಿಗಿ ಎಲ್ಲಿ ಅದನಬೇ? ಇದ್ದಾಗ ನನ್ನ ತಮ್ಮನ ಬಾಯಿ ಕಟ್ಟಿದಿ, ಸತ್ತ ಮ್ಯಾಲೂ ಕಟ್ಟತೀಯೇನು?"

"ಸೂಜಿ ಇಲ್ಲದ ಹ್ಯಾಂಗ ಕೊಡ್ಲಿ ಅಕ್ಕಾ?" ಎಂದುಬಿಟ್ಟೆ.

ಗೌರಕ್ಕ ಬೈಯಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡು, "ಇನ್ನ ಅಂವಗ ಏನೂ ಆಗಂಗಿಲ್ಲವ್ವಾ. ಹಾಕು," ಎಂದರು.

ಹೂರಣ ರುಬ್ಬಿದೆ. ಅರ್ಧವಲ್ಲ, ಎರಡು ಇಡೀ ಹೋಳಿಗೆ ಇಟ್ಟು ತುಪ್ಪ ಸುರಿದೆ. ಊದಿನಕಡ್ಡಿಯ ಹೊಗೆಯಲ್ಲಿ ಕಣ್ಣು ಮುಚ್ಚಿದರೆ ಯಜಮಾನರು ಅಂಗಿಯ ತೋಳು ಮಡಿಚಿಕೊಂಡು ಬಂದು ಕುಳಿತ ಹಾಗಾಯಿತು. ಔಷಧಿಯ ಬಣ್ಣ ಕೇಳಲಿಲ್ಲ, ನನ್ನ ಮುಖ ನೋಡಲಿಲ್ಲ, ನಿಧಾನವಾಗಿ ಉಂಡರು. ನಾನೂ ಅಡ್ಡ ನಿಲ್ಲಲಿಲ್ಲ. ಕಣ್ಣು ಬಿಟ್ಟಾಗ ಮನಸ್ಸು ಹಗುರಾಗಿತ್ತು.

ಆಮೇಲೆ ನಾವಿಬ್ಬರೂ ಊಟಕ್ಕೆ ಕುಳಿತೆವು. ಗೌರಕ್ಕ ಹೋಳಿಗೆಯ ಮೊದಲ ತುತ್ತು ಬಹಳ ಹೊತ್ತು ಅಗಿದು ಕೇಳಿದರು: "ಇದರಾಗ ಬೆಲ್ಲ ಹಾಕೀಯೇನಬೇ?"

ಹಾಕಿದ್ದೆ. ಕೈ ಬಿಚ್ಚಿ ಹಾಕಿದ್ದೇನೆಂದೇ ತಿಳಿದಿದ್ದೆ. ಪಥ್ಯ ಮುಗಿಯಿತೆಂದು ಯಜಮಾನರಿಗೆ ಹೇಳಿದ್ದಾಯಿತು. ನನ್ನ ಕೈಗೆ ಯಾರೂ ಹೇಳಿರಲಿಲ್ಲ.