ನನ್ನತ್ತೆ ಹೊನ್ನಮ್ಮ ಆದದ್ದು

ಮನೆಯಲ್ಲಿ ಬಾಗಿಲು ತೆಗೆಯಲು ಯಾರು ಎದ್ದು ಹೋಗುತ್ತಾರೋ ಅವರ ತಲೆಗೇ ಎಲ್ಲ ಸುತ್ತಿಕೊಳ್ಳುತ್ತದೆ. ಕೂತವರು ಕೂತೇ ಇರುತ್ತಾರೆ, ಅವರದೇನೂ ತಪ್ಪಿರುವುದಿಲ್ಲ. ಮೈಸೂರಿನಲ್ಲಿ ನಾನು ಹೊಸ ಸೊಸೆಯಾಗಿದ್ದಾಗ ಬಾಗಿಲು ತೆಗೆಯುವ ಕೆಲಸ ನನ್ನದು. ಒಂದು ದಿನ ತೆಗೆದದ್ದಕ್ಕೆ ಈಗ, ಐವತ್ತು ಚಿಲ್ಲರೆ ವರ್ಷ ಆದ ಮೇಲೆ, ಮಲೇಷ್ಯಾದ ಪುಚೊಂಗಿನಲ್ಲಿ ಹತ್ತನೇ ಮಹಡಿಯಲ್ಲಿ ಕೂತು ಜರ್ಮನಿ ಸರಕಾರಕ್ಕೆ ಉತ್ತರ ಕೊಡಬೇಕಾಯಿತು.

ನನ್ನ ಅತ್ತೆ ಜರ್ಮನಿಯವರು. ಹೆಸರು ಹಾನ್ನ. ಯೆಹೂದಿಗಳು. ಅಷ್ಟಕ್ಕೇ ಅಲ್ಲಿ ಅವರ ಕೆಲಸ ಹೋಯಿತು, ಮನೆ ಹೋಯಿತು, ಕೊನೆಗೆ ನೀನು ನಮ್ಮ ದೇಶದವಳೇ ಅಲ್ಲ ಎಂದುಬಿಟ್ಟರು. ಹಡಗು ಹತ್ತಿ ಬಂದು ಮೈಸೂರಿನ ಆಸ್ಪತ್ರೆಯಲ್ಲಿ ನರ್ಸಾದರು, ಅಲ್ಲಿನ ಡಾಕ್ಟರನ್ನೇ ಮದುವೆಯಾದರು. ಆ ಡಾಕ್ಟರೇ ನನ್ನ ಮಾವ. ಹಾಗೆ ಹೊರಹಾಕಿದವರ ಮಕ್ಕಳು ಮರಿಮಕ್ಕಳು ಕೇಳಿದರೆ ಈಗ ಪೌರತ್ವ ವಾಪಸು ಕೊಡುತ್ತಾರಂತೆ. ನನ್ನ ಮೊಮ್ಮಗಳು ಚಿತ್ರಾ ಕೇಳಲು ಹೊರಟಳು.

"ಯಾಕೆ, ಅಲ್ಲಿಗೆ ಹೋಗಿ ಇರ್ತೀಯೇನೇ?" ಅಂದೆ.

"ಐ ಡೋಂಟ್ ನೋ, ಅಜ್ಜಿ. ಬಟ್ ಮುತ್ತಜ್ಜಿ ಹತ್ರ ಕಿತ್ಕೊಂಡಿದ್ದು, ರೈಟ್? ವಾಪಸ್ ಕೊಡ್ಲಿ ಲಾ."

ಇಲ್ಲೇ ಹುಟ್ಟಿ ಬೆಳೆದ ಹುಡುಗಿ, ಕನ್ನಡ ಕುಂಟುತ್ತದೆ. ಹಟಕ್ಕೇನೂ ಕುಂಟಿಲ್ಲ, ಅದು ನೇರ ಮುತ್ತಜ್ಜಿಯದು.

ಬುಧವಾರ ರಾಯಭಾರ ಕಚೇರಿಗೆ ಕಾಗದ ಒಯ್ಯಬೇಕು. ಸೋಮವಾರ ಸಂಜೆ ಊಟದ ಮೇಜಿನ ತುಂಬ ಕಾಗದ ಹರಡಿಕೊಂಡಿದ್ದವಳು ತಲೆ ಎತ್ತಿ ಕೇಳಿದಳು: "ಅಜ್ಜಿ, ಹೂ ಈಸ್ ದಿಸ್ ಹೊನ್ನಮ್ಮ? ತಾತಂಗೆ ಇಬ್ರು ಅಮ್ಮಂದಿರಾ?"

ಅತ್ತೆಯ ಮದುವೆ ಕಾಗದದಲ್ಲಿ ಹಾನ್ನ. ನನ್ನ ಗಂಡ ಮನೆಯಲ್ಲೇ ಹುಟ್ಟಿದವರು, ಆಗ ಯಾರೂ ಬರೆಸಲಿಲ್ಲ. ಆಮೇಲೆ ಮಾಡಿಸಿದ ಅವರ ಕಾಗದಗಳಲ್ಲೆಲ್ಲ ತಾಯಿ ಹೊನ್ನಮ್ಮ. ಅತ್ತೆಯ ಮರಣಪತ್ರದಲ್ಲೂ ಹೊನ್ನಮ್ಮ. ಇಬ್ಬರೂ ಒಬ್ಬರೇ ಎಂದು ತೋರಿಸದಿದ್ದರೆ ಅರ್ಜಿ ಬಿದ್ದುಹೋಗುತ್ತದೆ ಎಂದಳು.

ಹೇಳಲೇಬೇಕಾಯಿತು. ಆ ದಿನ ಬಾಗಿಲಿಗೆ ಬಂದದ್ದು ರೇಷನ್ ಕಾರ್ಡಿನ ಗುಮಾಸ್ತ. "ಮನೆ ಯಜಮಾನಿ ಹೆಸರೇನಮ್ಮಾ?" "ಹಾನ್ನ." "ಹೊನ್ನಾನಾ? ಬರೀ ಹೊನ್ನ ಅಂತ ಯಾರಾದ್ರೂ ಇಡ್ತಾರಾ?" ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. "ಹೊನ್ನಮ್ಮ ಅಂತಲೇ ಬರ್ಕೊಳಪ್ಪಾ" ಎಂದು ಒಳಗೆ ಓಡಿದೆ. ಹಾಲೂ ಉಳಿಯಲಿಲ್ಲ. ಮುಂದೆ ಆದ ಕಾಗದಗಳೆಲ್ಲ ಆ ಕಾರ್ಡು ನೋಡಿಕೊಂಡೇ ಆದವು.

ಬೈಯುತ್ತಾರೆಂದು ಎರಡು ದಿನ ಕಾರ್ಡನ್ನು ಅಕ್ಕಿ ಡಬ್ಬದಲ್ಲಿ ಇಟ್ಟಿದ್ದೆ. ಅತ್ತೆಗೆ ಸಿಕ್ಕಿತು. ಕನ್ನಡಕ ಹಾಕಿಕೊಂಡು ಅಕ್ಷರ ಅಕ್ಷರ ಕೂಡಿಸಿ ಓದಿದರು. ಆಮೇಲೆ ಅಂದರು: "ಅಲ್ಲಿ ಯೆಹೂದಿ ಹೆಂಗಸ್ರಿಗೆಲ್ಲ ಸರಕಾರ ಒಂದೇ ಹೆಸರು ಸೇರಿಸ್ತು, ಸಾರಾ ಅಂತ. ಪಾಸ್‌ಪೋರ್ಟ್ ನೋಡಿದ ಕೂಡ್ಲೇ ಗೊತ್ತಾಗ್ಲಿ ಅಂತ. ನೀನು ಅಮ್ಮ ಅಂತ ಸೇರಿಸ್ದೆ. ಇರ್ಲಿ ಬಿಡು." ಆಮೇಲೆ ಯಾರು ಕೇಳಿದರೂ ಹೊನ್ನಮ್ಮ ಅಂತಲೇ ಹೇಳಿಕೊಂಡರು. ತರಕಾರಿಯವನ ಹತ್ತಿರವೂ.

ಚಿತ್ರಾ ಮೂಗು ಒರೆಸಿಕೊಂಡಳು. "ಯಾಕೇ, ನೆಗಡಿಯಾ?" ಅಂದೆ.

"ಅಜ್ಜಿ, ಇದನ್ನ ನೀವೇ ಬರೀಬೇಕು. ನಿಮ್ ಕೈಯಲ್ಲಿ. ವಕೀಲರು ಅದನ್ನ ಟ್ರಾನ್ಸ್‌ಲೇಟ್ ಮಾಡ್ಸಿ ಸೀಲ್ ಹಾಕಿಸ್ತಾರೆ. ಮುತ್ತಜ್ಜಿನ ಚೆನ್ನಾಗಿ ಕಂಡೋರು ಈಗ ನೀವೊಬ್ರೇ."

ಮಂಗಳವಾರ ಬೆಳಗಿನಿಂದ ಊಟದ ಹೊತ್ತಿನವರೆಗೆ ಬರೆದೆ. ನಾಲ್ಕು ಹಾಳೆ ಹಾಳು ಮಾಡಿ ಉಳಿದದ್ದು ನಾಲ್ಕು ಸಾಲು: "ಹಾನ್ನ, ಹೊನ್ನಮ್ಮ ಇಬ್ಬರೂ ಒಬ್ಬರೇ. ನನ್ನ ಅತ್ತೆ. ಹೆಸರು ಕೆಡಿಸಿದ್ದು ನಾನು. ಅವರು ಒಳ್ಳೆಯವರು." ಕೊನೆಯ ಸಾಲು ಬೇಕಾಗಿಲ್ಲ ಎಂದಳು ಚಿತ್ರಾ. ಅವರು ಕೇಳದಿದ್ದರೂ ತಿಳಿದುಕೊಳ್ಳಲಿ ಎಂದೆ. ಸಹಿ ಹಾಕಿದೆ.

ಮಧ್ಯಾಹ್ನ ಕಾಲೇಜಿನಲ್ಲಿ ಪಾಠ ಮುಗಿಸಿ ಬಂದ ನನ್ನ ಮಗ, ಚಿತ್ರಾಳ ಅಪ್ಪ ರವಿ, ಅದನ್ನು ಓದಿ ಗಲ್ಲ ಕೆರೆದುಕೊಂಡ. "ಅಮ್ಮಾ, ನಿನ್ ಹೆಸರು ತುಳಸಿ ತಾನೆ? ಇಲ್ಲಿ ತುಲಸಿ ಅಂತಿದೆಯಲ್ಲ?"

ಮದುವೆಯಾಗಿ ಬಂದಾಗ ನನಗೆ ಹೆಬ್ಬೆಟ್ಟು ಒತ್ತುವುದಷ್ಟೇ ಗೊತ್ತಿತ್ತು. ಸ್ಲೇಟು ತಂದು ಕೂರಿಸಿಕೊಂಡು ಸಹಿ ಕಲಿಸಿದ್ದು ಅತ್ತೆ. ಅವರ ನಾಲಿಗೆಗೆ ಳ ಕೊನೆತನಕ ಹೊರಳಲಿಲ್ಲ. ಬಾಯಲ್ಲಿ ಬಂದ ಹಾಗೇ ಸ್ಲೇಟಿನ ಮೇಲೂ ಬಂತು. ನಾನು ಬ್ಯಾಂಕು, ಪಾಸ್‌ಪೋರ್ಟು, ಎಲ್ಲ ಕಡೆ ಹಾಗೇ ಹಾಕಿಕೊಂಡು ಬಂದಿದ್ದೇನೆ. ತಪ್ಪೆಂದು ತಿಳಿದ ಮೇಲೂ ತಿದ್ದಲಿಲ್ಲ.

"ತಿದ್ದಿಬಿಡಮ್ಮಾ, ಒಂದಕ್ಷರ" ಎಂದ ರವಿ. ಆಗುವುದಿಲ್ಲ ಎಂದೆ. ಹಾಗೇ ವಕೀಲರಿಗೆ ಕೊಟ್ಟುಬಂದ.

ಅವರು ಸಂಜೆ ಫೋನು ಮಾಡಿದರು. ಕಾಗದ ಸರಿಯಾಗಿದೆಯಂತೆ, ಅರ್ಜಿಯ ಜೊತೆ ಹೋಗುತ್ತದಂತೆ. ಆದರೆ ತುಳಸಿ, ತುಲಸಿ ಇಬ್ಬರೂ ಒಬ್ಬರೇ ಎಂದು ಬಲ್ಲವರು ಯಾರಾದರೂ ಬರೆದುಕೊಟ್ಟರೆ ಇನ್ನೂ ಒಳ್ಳೆಯದಂತೆ.

ಬಲ್ಲವರು ಒಬ್ಬರಿದ್ದರು. ಕಾಗದದ ಪ್ರಕಾರ ಇಬ್ಬರು.